ಬೆಲ್‌ರೋಸ್‌ನಲ್ಲಿ ನಮ್ಮ ಕಾರ್ಪೊರೇಟರ್ ಯಾರು?

ಪ್ರಶ್ನೆ: ನಮಸ್ಕಾರ ಸರ್. ನಾವು ಮೈಸೂರಿನವರು. ನಾಲ್ಕು ವರ್ಷದ ಹಿಂದೆ ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ, ಬೆಲ್‌ರೋಸ್ ಅನ್ನುವ ಕಡೆ ಮನೆ ತಗೊಂಡೆವು. ಗ್ರೀನ್ ಕಾರ್ಡ್ ಇದೆ, ಇನ್ನೂ ಸಿಟಿಜನ್ ಆಗಿಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಒಂದು ಹಳೇ ಪೆಟ್ರೋಲ್ ಬಂಕ್ ಇದೆ. ಅದಕ್ಕೆ ಇನ್ನೂ ಹತ್ತು ವರ್ಷ ಅನುಮತಿ ಕೇಳಿ ಹಾಕಿದ ಅರ್ಜಿ ಕಮ್ಯುನಿಟಿ ಬೋರ್ಡ್ 13ರ ಮುಂದೆ ಬರುತ್ತಿದೆಯಂತೆ. ರಾತ್ರಿ ಹನ್ನೊಂದಕ್ಕೂ ಗಾಳಿ ತುಂಬುವ ಕಂಪ್ರೆಸರ್ ಸದ್ದು, ಕಿಟಕಿಗೆ ನೇರ ಬಡಿಯುವ ಲೈಟು. ಈ ಬೋರ್ಡ್ ಅಂದ್ರೆ ನಮ್ಮೂರಿನ ವಾರ್ಡ್ ಸಮಿತಿ ಇದ್ದ ಹಾಗಾ? ಇದರವರನ್ನು ಯಾರು ಆರಿಸಿದ್ದು? ಈ ಏರಿಯಾದಲ್ಲಿ ಯಾವ ಯಾವ ಜನ ಇದ್ದಾರೆ, ಕನ್ನಡದವರು ಎಷ್ಟು ಅಂತ ಎಲ್ಲಾದರೂ ಲೆಕ್ಕ ಸಿಗುತ್ತಾ? ನನ್ನಂಥವಳು ಆ ಬೋರ್ಡ್‌ಗೆ ಸೇರಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ, ಯಾಕೆಂದರೆ ಇದನ್ನು ಹೇಳಿದರೆ ನಂಬದವರೇ ಜಾಸ್ತಿ. ಸೇರಬಹುದು. ನ್ಯೂಯಾರ್ಕ್ ನಗರದ ಕಮ್ಯುನಿಟಿ ಬೋರ್ಡ್‌ಗೆ ಸದಸ್ಯರಾಗಲು ಅಮೆರಿಕದ ಪೌರತ್ವ ಬೇಕಿಲ್ಲ. ನಗರದಲ್ಲಿ ವಾಸ ಇರಬೇಕು. ಆ ಬೋರ್ಡಿನ ವ್ಯಾಪ್ತಿಯಲ್ಲಿ ಮನೆಯೋ, ಕೆಲಸವೋ, ಅಂಗಡಿಯೋ, ಏನಾದರೂ ಗಟ್ಟಿ ನಂಟು ಇರಬೇಕು. ಅಷ್ಟೇ. 2014ರಿಂದ 16 ವರ್ಷ ತುಂಬಿದ ಮಕ್ಕಳಿಗೂ ಅವಕಾಶ ಇದೆ. ತಮಾಷೆ ಏನೆಂದರೆ, ಗ್ರೀನ್ ಕಾರ್ಡ್ ಇದ್ದವರಿಗೂ ಸ್ಥಳೀಯ ಚುನಾವಣೆಯಲ್ಲಿ ವೋಟು ಕೊಡುವ ಕಾನೂನನ್ನು ಈ ನಗರ ಒಮ್ಮೆ ಮಾಡಿಯೂ ಇತ್ತು. 2025ರ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ಕೋರ್ಟು ಅದನ್ನು ತಳ್ಳಿಹಾಕಿತು. ಹಾಗಾಗಿ ನಿಮ್ಮ ಕೌನ್ಸಿಲ್ ಸದಸ್ಯರಿಗೆ ನೀವು ವೋಟು ಹಾಕುವಂತಿಲ್ಲ. ಆದರೆ ಅವರಿಗೆ ಸಲಹೆ ಕೊಡುವ ಮೇಜಿಗೆ ಕುರ್ಚಿ ಎಳೆದುಕೊಂಡು ಕೂರಬಹುದು.

ನಾನು ಪ್ಲಾನಿಂಗ್ ಕೆಲಸದವನು. ಇಂಥ ಸಭೆಗಳ ಹಿಂದಿನ ಸಾಲಿನ ಮಡಚುವ ಕುರ್ಚಿಗಳಲ್ಲಿ ವರ್ಷಗಟ್ಟಲೆ ಕೂತು ಬೆನ್ನು ನೋವು ತಂದುಕೊಂಡವನು. ಕಾನೂನು ಎಷ್ಟೋ ಅಷ್ಟನ್ನು ಹೇಳುತ್ತೇನೆ, ಜೊತೆಗೆ ಕುರ್ಚಿಯಲ್ಲಿ ಕೂತು ಕಂಡದ್ದನ್ನೂ.

ನಿಮ್ಮ ಕಾರ್ಪೊರೇಟರ್ ಅಂದರೆ ಸಿಟಿ ಕೌನ್ಸಿಲ್ ಸದಸ್ಯರು. ಇಡೀ ನ್ಯೂಯಾರ್ಕಿಗೆ ಅವರು 51 ಜನ. ಮೈಸೂರಿನಲ್ಲಿ 65 ವಾರ್ಡ್ ಇವೆ, ಇಲ್ಲಿ 88 ಲಕ್ಷ ಜನಕ್ಕೆ 51. ಬೆಲ್‌ರೋಸ್ ಇರುವುದು 23ನೇ ಕ್ಷೇತ್ರದಲ್ಲಿ. 2021ರ ಚುನಾವಣೆಯಿಂದ ಲಿಂಡಾ ಲೀ ಅಲ್ಲಿನ ಸದಸ್ಯೆ. ಇಡೀ ಕ್ವೀನ್ಸ್ ಬರೋಗೆ, ಅಂದರೆ ನಗರದ ಐದು ದೊಡ್ಡ ಭಾಗಗಳಲ್ಲಿ ಒಂದಕ್ಕೆ, ಒಬ್ಬ ಬರೋ ಅಧ್ಯಕ್ಷರು, ಈಗ ಡೊನೊವನ್ ರಿಚರ್ಡ್ಸ್. ಇಡೀ ನಗರಕ್ಕೆ ಮೇಯರ್. ಒಬ್ಬೊಬ್ಬ ಕೌನ್ಸಿಲ್ ಸದಸ್ಯರ ಕೆಳಗೂ ಒಂದೂವರೆ ಲಕ್ಷ ದಾಟಿದ ಜನ. ಅಷ್ಟು ದೊಡ್ಡ ವಾರ್ಡಿನಲ್ಲಿ ನಿಮ್ಮ ಬೀದಿಯ ಕಂಪ್ರೆಸರ್ ಸದ್ದು ಯಾರ ಕಿವಿಗೆ ಬೀಳಬೇಕು? ಆ ಸಂದಿಯನ್ನು ತುಂಬಲೆಂದೇ ಕಮ್ಯುನಿಟಿ ಬೋರ್ಡ್ ಇರುವುದು.

ಇದರ ಬೀಜ ಬಿದ್ದದ್ದು 1951ರಲ್ಲಿ. ಮ್ಯಾನ್‌ಹಟನ್ ಬರೋ ಅಧ್ಯಕ್ಷ ರಾಬರ್ಟ್ ವ್ಯಾಗ್ನರ್ ತಮ್ಮ ಬರೋವನ್ನು 12 ಭಾಗ ಮಾಡಿ, ಒಂದೊಂದಕ್ಕೂ ಊರಿನವರ ಒಂದು ಸಲಹಾ ಮಂಡಳಿ ಮಾಡಿದರು. 1963ರ ನಗರ ಚಾರ್ಟರ್, ಅಂದರೆ ನಗರದ ಮೂಲ ಕಾನೂನು, ಅದನ್ನು ಎಲ್ಲ ಬರೋಗಳಿಗೂ ಹರಡಿತು. ಈಗ ನೋಡುವ ರೂಪ ಬಂದದ್ದು 1975ರ ತಿದ್ದುಪಡಿಯಲ್ಲಿ. ನಗರಕ್ಕೆ ಒಟ್ಟು 59 ಬೋರ್ಡುಗಳು, ಕ್ವೀನ್ಸ್‌ಗೆ 14. ಪ್ರತಿಯೊಂದಕ್ಕೂ ಸಂಬಳದ ಒಬ್ಬ ಡಿಸ್ಟ್ರಿಕ್ಟ್ ಮ್ಯಾನೇಜರ್, ಒಂದು ಪುಟ್ಟ ಆಫೀಸು. ಸದಸ್ಯರು 50ರವರೆಗೆ, ಅವರಿಗೆ ಒಂದು ಡಾಲರ್ ಸಂಬಳವೂ ಇಲ್ಲ.

ಇವರನ್ನು ಯಾರೂ ವೋಟು ಹಾಕಿ ಆರಿಸುವುದಿಲ್ಲ. ಬರೋ ಅಧ್ಯಕ್ಷರು ನೇಮಿಸುತ್ತಾರೆ. ಅದರಲ್ಲಿ ಅರ್ಧ ಜನರ ಹೆಸರನ್ನು ಆ ಭಾಗದ ಕೌನ್ಸಿಲ್ ಸದಸ್ಯರು ಸೂಚಿಸಬೇಕು. ಅವಧಿ ಎರಡು ವರ್ಷ, ಪ್ರತಿ ವರ್ಷ ಏಪ್ರಿಲ್ 1ಕ್ಕೆ ಅರ್ಧದಷ್ಟು ಸೀಟುಗಳ ಸರದಿ. ಮೊದಲು ಮಿತಿಯೇ ಇರಲಿಲ್ಲ. ಒಂದೇ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತವರನ್ನು ನಾನೇ ನೋಡಿದ್ದೇನೆ. 2018ರಲ್ಲಿ ನಗರದ ಮತದಾರರು ಅದಕ್ಕೆ ಕಡಿವಾಣ ಹಾಕಿದರು: ಸತತವಾಗಿ ನಾಲ್ಕು ಅವಧಿ, ಅಂದರೆ ಎಂಟು ವರ್ಷ ಮಾತ್ರ.

ವಾರ್ಡ್ ಸಮಿತಿಯ ಹಾಗಾ ಅಂದಿರಿ. ಹೌದು, ಅಲ್ಲ, ಎರಡೂ. ನಮ್ಮಲ್ಲಿ ಸಂವಿಧಾನದ 74ನೇ ತಿದ್ದುಪಡಿಯಿಂದ, ಮೂರು ಲಕ್ಷಕ್ಕಿಂತ ದೊಡ್ಡ ಊರುಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು. ಅಲ್ಲೂ ಸದಸ್ಯರು ನಾಮಕರಣಗೊಂಡವರೇ. ಆದರೆ ಅಲ್ಲಿ ಸಮಿತಿ ಕಾರ್ಪೊರೇಟರ್ ಸುತ್ತ ಸುತ್ತುತ್ತದೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದು ಚುನಾವಣೆ ಮುಂದೆ ಹೋಗುತ್ತಲೇ ಇದ್ದಾಗ ಸಮಿತಿಗಳ ಗತಿ ಏನಾಯಿತು ನೀವೇ ಓದಿರುತ್ತೀರಿ. ಇಲ್ಲಿ ಬೋರ್ಡಿಗೆ ಅದರದ್ದೇ ಆಫೀಸಿದೆ, ಅದರದ್ದೇ ಅಧ್ಯಕ್ಷರಿದ್ದಾರೆ. ಜುಲೈ, ಆಗಸ್ಟ್ ಬಿಟ್ಟು ಪ್ರತಿ ತಿಂಗಳೂ ಸಭೆ ನಡೆಯಲೇಬೇಕು, ಅದರಲ್ಲಿ ಸಾರ್ವಜನಿಕರಿಗೆ ಮಾತಾಡಲು ಸಮಯ ಇಡಲೇಬೇಕು ಅಂತ ಚಾರ್ಟರ್‌ನಲ್ಲಿ ಬರೆದಿದೆ. ಕೌನ್ಸಿಲ್ ಸದಸ್ಯರೂ ಬೋರ್ಡಿನಲ್ಲಿ ಇರುತ್ತಾರೆ, ಆದರೆ ಅವರಿಗೆ ಅಲ್ಲಿ ವೋಟಿಲ್ಲ.

ಅಧಿಕಾರ? ಕಡಿಮೆ. ಬಹುಪಾಲು ವಿಷಯಗಳಲ್ಲಿ ಬೋರ್ಡ್ ಹೇಳುವುದು ಸಲಹೆ ಮಾತ್ರ, ಕೇಳಲೇಬೇಕು ಅಂತಿಲ್ಲ. ಆದರೆ ಮೊದಲ ಮಾತು ಅವರದ್ದು, ಅದರಲ್ಲೇ ಇವರ ಬಲ ಇರುವುದು. ದೊಡ್ಡ ಭೂಬಳಕೆ ಅರ್ಜಿ ಬಂದರೆ ಬೋರ್ಡ್‌ಗೆ 60 ದಿನ, ಆಮೇಲೆ ಬರೋ ಅಧ್ಯಕ್ಷರಿಗೆ 30, ನಗರ ಯೋಜನಾ ಆಯೋಗಕ್ಕೆ 60, ಕೌನ್ಸಿಲ್‌ಗೆ 50. ಈ ಸಾಲಿನಲ್ಲಿ ಬೋರ್ಡ್ ಕೈಗೆ ಪೆನ್ನು ಮೊದಲು ಬರುತ್ತದೆ. ಅಲ್ಲಿ ಬರೆದ ಆಕ್ಷೇಪಣೆ ಫೈಲಿನ ಜೊತೆಗೇ ಕೊನೆಯವರೆಗೂ ಹೋಗುತ್ತದೆ. 2025ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ ಬದಲಾವಣೆಯಿಂದ ಚಿಕ್ಕ ವಸತಿ ಯೋಜನೆಗಳ ಹಾದಿ ಇನ್ನೂ ಮೋಟಾಗಿದೆ. ಅಲ್ಲಿ ಬೋರ್ಡ್‌ಗೂ ಬರೋ ಅಧ್ಯಕ್ಷರಿಗೂ ಒಟ್ಟೊಟ್ಟಿಗೇ 60 ದಿನ. ಕಾಯುತ್ತಾ ಕೂತರೆ ಬಸ್ಸು ಹೋಗಿಬಿಡುತ್ತದೆ.

ಈಗ ನಿಮ್ಮ ಏರಿಯಾಗೆ ಬರೋಣ.

ಬೋರ್ಡ್ 13ರ ನಕ್ಷೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕ್ವೀನ್ಸ್‌ನ ಪೂರ್ವದ ಅಂಚಿಗೆ ಸೀರೆಯ ಬಾರ್ಡರ್ ಥರ ಅಂಟಿಕೊಂಡಿದೆ. ಉತ್ತರದ ತುದಿಯಲ್ಲಿ ಗ್ಲೆನ್ ಓಕ್ಸ್, ಫ್ಲೋರಲ್ ಪಾರ್ಕ್, ಬೆಲ್‌ರೋಸ್. ನಡುವೆ ಕ್ವೀನ್ಸ್ ವಿಲೇಜ್. ಕೆಳಗೆ ಕೇಂಬ್ರಿಯಾ ಹೈಟ್ಸ್, ಲಾರೆಲ್ಟನ್, ರೋಸ್‌ಡೇಲ್, ಬ್ರೂಕ್‌ವಿಲ್. ಇನ್ನೂ ಕೆಳಗೆ ಹೋದರೆ ಕೆನಡಿ ವಿಮಾನ ನಿಲ್ದಾಣ. ಒಟ್ಟು ಸುಮಾರು ಎರಡು ಲಕ್ಷ ಜನ. ಇಷ್ಟು ಉದ್ದದ ಪಟ್ಟಿಯಲ್ಲಿ ಒಂದೇ ಒಂದು ಸಬ್‌ವೇ ಸ್ಟೇಷನ್ ಇಲ್ಲ. ನಿಮಗೆ ಗೊತ್ತೇ ಇದೆ: ಕ್ಯೂ43 ಬಸ್ ಹತ್ತಿ ಹಿಲ್‌ಸೈಡ್ ಅವೆನ್ಯೂ ಉದ್ದಕ್ಕೂ ಜಮೈಕಾ ಕಡೆ ಹೋಗಿ, 179ನೇ ಬೀದಿಯಲ್ಲಿ ಎಫ್ ಟ್ರೇನ್ ಹಿಡಿಯಬೇಕು. ಅದಕ್ಕೇ ಇದು ನಗರದೊಳಗಿನ ಹೊರವಲಯ. ವಿಳಾಸ ನ್ಯೂಯಾರ್ಕ್ ಸಿಟಿ, ಬದುಕು ಕಾರು, ಗ್ಯಾರೇಜು, ಹಿತ್ತಲಿನ ಟೊಮ್ಯಾಟೊ. ಇಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಏಳು ಮನೆಗಳಲ್ಲಿ ಮಾಲೀಕರೇ ಇದ್ದಾರೆ. ಇಡೀ ನಗರದ ಲೆಕ್ಕ ತೆಗೆದರೆ ಮೂರರಲ್ಲಿ ಒಂದು.

ಗಡಿಯ ಕಥೆಯೂ ಸ್ವಾರಸ್ಯವಾಗಿದೆ. 1898ರಲ್ಲಿ ಪಶ್ಚಿಮ ಕ್ವೀನ್ಸ್ ನ್ಯೂಯಾರ್ಕ್ ನಗರಕ್ಕೆ ಸೇರಿತು. ಪೂರ್ವದ ಹೆಂಪ್‌ಸ್ಟೆಡ್ ಮುಂತಾದ ಪಟ್ಟಣಗಳು ಹೊರಗೇ ಉಳಿದು, ಮರುವರ್ಷ ನ್ಯಾಸಾ ಕೌಂಟಿ ಆದವು. ಬೆಲ್‌ರೋಸ್ ಹತ್ತಿರ ಜೆರಿಕೋ ಟರ್ನ್‌ಪೈಕ್ ರಸ್ತೆಯ ಈಚೆ ಬದಿ ನಗರ, ಆಚೆ ಬದಿ ನ್ಯಾಸಾ. ನೀವು ರಸ್ತೆ ದಾಟಿ ಹಾಲು ತರಲು ಹೋದರೆ ಸರ್ಕಾರವೇ ಬದಲಾಗುತ್ತದೆ. ಆಚೆಗಿರುವ ಫ್ಲೋರಲ್ ಪಾರ್ಕ್ 1908ರಲ್ಲಿ ಸ್ಥಾಪನೆಯಾದ ಸ್ವಂತ ವಿಲೇಜ್. ಅದಕ್ಕೆ ಚುನಾಯಿತ ಮೇಯರ್, ಟ್ರಸ್ಟಿಗಳು, ಸ್ವಂತ ಪೊಲೀಸ್, ಸ್ವಂತ ಲೈಬ್ರರಿ. ಅದರ ಮೇಲೆ ಟೌನ್, ಅದರ ಮೇಲೆ ಕೌಂಟಿ, ಪಕ್ಕಕ್ಕೆ ಬೇರೆಯೇ ಶಾಲಾ ಜಿಲ್ಲೆ. ಅಲ್ಲಿನವರು ಗುಂಡಿಗೆ ಮಣ್ಣು ಹಾಕಿಸಲು ಮೇಯರ್ ಹೆಸರು ಹಿಡಿದು ಕರೆಯಬಹುದು. ಅದಕ್ಕೆ ಆಸ್ತಿ ತೆರಿಗೆಯೂ ಹಾಗೇ ಕಟ್ಟುತ್ತಾರೆ. ಈಚೆ ಫ್ಲೋರಲ್ ಪಾರ್ಕ್‌ಗೆ ಅದೇ ಹೆಸರು, ಆದರೆ ಮೇಯರ್ ಇಪ್ಪತ್ತು ಕಿಲೋಮೀಟರಿಗೂ ಆಚೆ ಮ್ಯಾನ್‌ಹಟನ್‌ನಲ್ಲಿ. ನಿಮಗೆ ಹತ್ತಿರದ ಸರ್ಕಾರ ಅಂತ ಇರುವುದು ಈ ಸಂಬಳವಿಲ್ಲದ ಐವತ್ತು ಜನ.

ಯಾರು ಯಾರು ಇದ್ದಾರೆ? ಬೋರ್ಡ್ 13 ಅಂದರೆ ನಿಜಕ್ಕೂ ಎರಡು ಊರು. ದಕ್ಷಿಣದ ಅರ್ಧದಲ್ಲಿ ಕಪ್ಪು ಮಧ್ಯಮ ವರ್ಗ. ಜಮೈಕಾ, ಹೈಟಿ, ಗಯಾನಾ, ಟ್ರಿನಿಡಾಡ್‌ನಿಂದ ಬಂದವರು, ಅವರಿಗಿಂತ ಮೊದಲೇ ಬಂದು ನೆಲೆಸಿದ ಆಫ್ರಿಕನ್ ಅಮೆರಿಕನ್ನರು. ನರ್ಸು, ಬಸ್ ಡ್ರೈವರ್, ಟೀಚರ್, ಪೊಲೀಸ್ ಕೆಲಸ ಮಾಡಿ ಮನೆ ಕಟ್ಟಿಕೊಂಡವರು. ಒಂದು ಕಾಲಕ್ಕೆ ಕ್ವೀನ್ಸ್‌ನಲ್ಲಿ ಕಪ್ಪು ಕುಟುಂಬಗಳ ಸರಾಸರಿ ವರಮಾನ ಬಿಳಿಯರದ್ದನ್ನೂ ದಾಟಿತ್ತು. ಆಮೇಲೆ 2008ರ ಸಾಲದ ಬಿಕ್ಕಟ್ಟು ಇದೇ ಬೀದಿಗಳನ್ನು ಕೆಟ್ಟದಾಗಿ ಹೊಡೆಯಿತು. ಇಡೀ ಬೋರ್ಡಿನ ಜನಸಂಖ್ಯೆಯಲ್ಲಿ ಸುಮಾರು ಅರ್ಧ ಇವರೇ. ಕೇಂಬ್ರಿಯಾ ಹೈಟ್ಸ್ ಅಂಚಿನಲ್ಲಿ ಒಂದು ದೊಡ್ಡ ಯಹೂದಿ ಸ್ಮಶಾನ ಇದೆ. ಲುಬಾವಿಚ್ ಪಂಥದ ಗುರುವಿನ ಸಮಾಧಿ ಅಲ್ಲಿದೆ. ಕರಿ ಕೋಟು, ಕರಿ ಟೋಪಿ ಹಾಕಿದ ಸಾವಿರಾರು ಭಕ್ತರು, ಸುತ್ತ ಹೈಟಿಯವರ ಮನೆಗಳು. ಯಾವುದೋ ಜಾತ್ರೆಯ ದಿನ ಮಠದ ಬೀದಿಯಲ್ಲಿ ನಿಂತ ಹಾಗಾಗುತ್ತದೆ.

ಉತ್ತರದ ಅರ್ಧ, ಅಂದರೆ ನಿಮ್ಮ ಕಡೆ, ಹಿಂದೆ ಐರಿಷ್, ಇಟಾಲಿಯನ್, ಜರ್ಮನ್, ಯಹೂದಿ ಕುಟುಂಬಗಳದ್ದಾಗಿತ್ತು. ಈಗ ಹಿಲ್‌ಸೈಡ್ ಅವೆನ್ಯೂನಲ್ಲಿ ಪಂಜಾಬಿ ಸ್ವೀಟ್ ಅಂಗಡಿ, ಕೇರಳದ ಮೀನು, ಗುಜರಾತಿ ತಿಂಡಿ, ಬಾಂಗ್ಲಾದ ದಿನಸಿ. ಆಗಸ್ಟ್‌ನಲ್ಲಿ ಅದೇ ರಸ್ತೆಯಲ್ಲಿ ಇಂಡಿಯಾ ಡೇ ಮೆರವಣಿಗೆ. ಇದು ಸುಮ್ನೆ ಆದದ್ದಲ್ಲ. 1965ರ ವಲಸೆ ಕಾನೂನಿನ ನಂತರ ಕೇರಳದ ನರ್ಸುಗಳು ಇಲ್ಲಿನ ಆಸ್ಪತ್ರೆಗಳಿಗೆ ಬಂದರು, ಗಂಡಂದಿರು ಹಿಂದಿನಿಂದ ಬಂದರು, ಆಮೇಲೆ ಚರ್ಚು ಬಂತು. ಇನ್ನೊಂದು ಕಾರಣ ಶಾಲೆ. ಬೆಲ್‌ರೋಸ್, ಗ್ಲೆನ್ ಓಕ್ಸ್ 26ನೇ ಶಾಲಾ ಜಿಲ್ಲೆಗೆ ಸೇರುತ್ತವೆ, ನಗರದಲ್ಲೇ ಒಳ್ಳೆ ಹೆಸರಿರುವ ಜಿಲ್ಲೆ. ದಕ್ಷಿಣದ ಭಾಗ 29ನೇ ಜಿಲ್ಲೆಗೆ. ನೀವು ಮನೆ ತಗೊಳ್ಳುವಾಗ ಬ್ರೋಕರ್ ಮೊದಲು ಬಾಯಿ ಬಿಟ್ಟಿದ್ದು ಯಾವ ನಂಬರ್ ಹೇಳಲು? ನನಗೆ ಗೊತ್ತು, 26. ಒಂದೇ ಬೋರ್ಡ್, ನಡುವೆ ಶಾಲೆಯ ಗೆರೆ. ಆ ಗೆರೆಯ ಮೇಲೇ ಮನೆ ಬೆಲೆ, ಜನ, ಬಣ್ಣ ಎಲ್ಲ ನಿಂತಿದೆ. ಈ ಮಾತು ಬೋರ್ಡ್ ಸಭೆಯಲ್ಲಿ ಯಾರೂ ಜೋರಾಗಿ ಆಡುವುದಿಲ್ಲ.

ಕನ್ನಡದವರ ಲೆಕ್ಕ ಕೇಳಿದಿರಿ. ಇಲ್ಲಿ ನಿಮಗೆ ಸ್ವಲ್ಪ ನಿರಾಸೆ ಆಗಬಹುದು. ಹತ್ತು ವರ್ಷಕ್ಕೊಮ್ಮೆ ಆಗುವ ಜನಗಣತಿ ಭಾಷೆ ಕೇಳುವುದಿಲ್ಲ. ಭಾಷೆ ಕೇಳುವುದು ಪ್ರತಿ ವರ್ಷ ಒಂದಷ್ಟು ಮನೆಗಳಿಗೆ ಮಾತ್ರ ಕಳಿಸುವ ಅಮೆರಿಕನ್ ಕಮ್ಯುನಿಟಿ ಸರ್ವೆ. ಅದರ ಭಾಷಾ ಪಟ್ಟಿ ತೆಗೆದು ನೋಡಿ. ಹಿಂದಿಗೆ ಒಂದು ಸಾಲು, ಗುಜರಾತಿಗೆ ಒಂದು, ಪಂಜಾಬಿಗೆ ಒಂದು, ತೆಲುಗಿಗೆ ಒಂದು, ತಮಿಳಿಗೆ ಒಂದು. ಆಮೇಲೆ ಬರುತ್ತದೆ: ‘ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು’. ಅಷ್ಟೂ ಒಂದೇ ಸಾಲು! ಬೆಲ್‌ರೋಸ್‌ನಂಥ ಕಡೆ ಆ ಸಾಲಿನ ಬಹುಪಾಲು ಯಾರು ಅಂತ ಭಾನುವಾರ ಬೆಳಿಗ್ಗೆ ಚರ್ಚಿನ ಪಾರ್ಕಿಂಗ್ ನೋಡಿದರೆ ತಿಳಿಯುತ್ತದೆ. ನೀವೂ ನಿಮ್ಮ ಮನೆಯವರೂ ಅದರೊಳಗೆ ಎಲ್ಲೋ ಇದ್ದೀರಿ, ಚಿತ್ರಾನ್ನದಲ್ಲಿ ಕಡಲೆಬೇಳೆ ಇದ್ದ ಹಾಗೆ.

ಪಟ್ಟಿಯ ಸಾಲುಗಳು ಯಾರೋ ಕೇಳಿದ್ದರಿಂದ ಹುಟ್ಟುತ್ತವೆ. 1970ರ ಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಜೊತೆ ಸೇರಿಸಿದ್ದರು. ಸಂಘಟನೆಗಳು ಹಿಂದೆ ಬಿದ್ದ ಮೇಲೆ 1980ರಲ್ಲಿ ‘ಏಷ್ಯನ್ ಇಂಡಿಯನ್’ ಅನ್ನುವ ಕಲಂ ಬಂತು. ಆ ಕಲಂ ತುಂಬಿದ್ದರಿಂದಲೇ 2011ರಲ್ಲಿ ಕೇಂದ್ರ ಸರ್ಕಾರ, ಕ್ವೀನ್ಸ್‌ನಲ್ಲಿ ಮತಪತ್ರ ಒಂದು ಭಾರತೀಯ ಭಾಷೆಯಲ್ಲೂ ಇರಬೇಕು ಅಂತ ಹೇಳಿತು. ಯಾವ ಭಾಷೆ ಅಂತ ಹೇಳಲಿಲ್ಲ. ನಗರದ ಚುನಾವಣಾ ಮಂಡಳಿ ಬಂಗಾಳಿ ಆರಿಸಿತು. 2013ರಿಂದ ಬಂಗಾಳಿ ಮತಪತ್ರ ಇದೆ. ಗಯಾನಾದಿಂದ ಬಂದ, ಮುತ್ತಜ್ಜ ಬಿಹಾರದವರಾಗಿದ್ದ, ಮನೆಯಲ್ಲಿ ಇಂಗ್ಲಿಷ್ ಆಡುವ ನಿಮ್ಮ ಪಕ್ಕದ ಮನೆಯವರು ಯಾವ ಕಲಂಗೆ ಟಿಕ್ ಹಾಕಬೇಕು? ಕೆಲವರು ಏಷ್ಯನ್ ಇಂಡಿಯನ್ ಅನ್ನುತ್ತಾರೆ, ಕೆಲವರು ‘ಇತರೆ’ ಅಂತ ಬರೆದು ಗಯಾನಾ ಅನ್ನುತ್ತಾರೆ. ಹಾಗಾಗಿ ‘ಏಷ್ಯನ್ನರು ಇಷ್ಟು ಶೇಕಡಾ’ ಅಂತ ಯಾರಾದರೂ ಸಭೆಯಲ್ಲಿ ಸ್ಲೈಡ್ ತೋರಿಸಿದರೆ ಸ್ವಲ್ಪ ಅನುಮಾನ ಇಟ್ಟುಕೊಂಡೇ ಕೇಳಿ. ಬೋರ್ಡ್ 13ರ ಗಡಿ ಸರ್ವೆಯ ಒಂದು ಅಂಕಿಅಂಶ ವಲಯಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ, ಅದೊಂದು ಅನುಕೂಲ. ನಗರ ಯೋಜನಾ ಇಲಾಖೆಯ ವೆಬ್‌ಸೈಟಿನಲ್ಲಿ ಬೋರ್ಡ್‌ವಾರು ಅಂಕಿ ಸಿಗುತ್ತವೆ.

ಬೋರ್ಡಿನಲ್ಲಿ ಕೂತವರು ಬೀದಿಯಲ್ಲಿ ಇರುವವರ ಥರ ಇದ್ದಾರಾ? ಬೀದಿ ಮೊದಲು ಬದಲಾಗುತ್ತದೆ, ಕುರ್ಚಿ ಹತ್ತು ಹದಿನೈದು ವರ್ಷ ತಡವಾಗಿ. ಇದು ಕ್ವೀನ್ಸ್‌ನ ಎಲ್ಲ ಬೋರ್ಡ್‌ಗಳಲ್ಲೂ ನಾನು ಕಂಡದ್ದು. ಅದಕ್ಕೇ 2018ರ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಸೇರಿಸಿದರು: ಯಾರನ್ನು ನೇಮಿಸಿದ್ದೇವೆ ಅನ್ನುವ ವರದಿಯನ್ನು ಬರೋ ಅಧ್ಯಕ್ಷರು ಪ್ರತಿ ವರ್ಷ ಪ್ರಕಟಿಸಬೇಕು. ನಮ್ಮವರದ್ದೂ ತಪ್ಪಿದೆ. ದೀಪಾವಳಿ ಹಾಲ್ ಬುಕ್ ಮಾಡಲು ಹತ್ತು ಜನರ ಕಮಿಟಿ ಮಾಡುತ್ತೇವೆ, ಅದರಲ್ಲಿ ಮೂರು ಬಣ ಆಗುತ್ತೆ. ಬೋರ್ಡ್‌ಗೆ ಅರ್ಜಿ ಹಾಕಿ ಅಂದರೆ ‘ಅದೆಲ್ಲ ನಮಗ್ಯಾಕೆ’ ಅನ್ನುತ್ತೇವೆ.

ಬರೀ ಸಲಹೆ ಕೊಡುವವರಿಂದ ಏನಾಗುತ್ತೆ ಅನ್ನುತ್ತೀರಾ? ದಕ್ಷಿಣದವರನ್ನು ನೋಡಿ. ಈ ಉದ್ದನೆಯ ಪಟ್ಟಿಗೆಲ್ಲ ಒಂದೇ ಪೊಲೀಸ್ ಠಾಣೆ ಇತ್ತು, 105ನೇದು, ಕ್ವೀನ್ಸ್ ವಿಲೇಜ್‌ನಲ್ಲಿ. ರೋಸ್‌ಡೇಲ್‌ನಲ್ಲಿ ಕಳ್ಳತನ ಆದರೆ ಗಾಡಿ ಅಲ್ಲಿಂದ ಹೊರಟು ಟ್ರಾಫಿಕ್ ದಾಟಿ ಬರಬೇಕು. ಬೇರೆ ಠಾಣೆ ಬೇಕು ಅಂತ ಅಲ್ಲಿನ ನಿವಾಸಿಗಳು ದಶಕಗಟ್ಟಲೆ ಕೇಳಿದರು. ಪ್ರತಿ ಬೋರ್ಡ್ ವರ್ಷಕ್ಕೊಮ್ಮೆ ತನ್ನ ವ್ಯಾಪ್ತಿಯ ಬೇಕುಗಳ ಪಟ್ಟಿ ಮಾಡಿ ಬಜೆಟ್‌ಗೆ ಕಳಿಸಬೇಕು: ಕಟ್ಟಡ, ಚರಂಡಿ, ರಸ್ತೆಯಂಥವು 40ರವರೆಗೆ, ಖರ್ಚುವೆಚ್ಚದವು 25ರವರೆಗೆ, ಆದ್ಯತೆಯ ನಂಬರ್ ಹಾಕಿ. ಇಲಾಖೆಗಳು ಒಂದೊಂದಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡುತ್ತವೆ, ಬಹುಪಾಲು ‘ಹಣ ಇಲ್ಲ’ ಅಂತ. ಮತ್ತೆ ಮುಂದಿನ ವರ್ಷ ಬರೆಯಬೇಕು. 2024ರ ಡಿಸೆಂಬರ್‌ನಲ್ಲಿ ರೋಸ್‌ಡೇಲ್‌ನಲ್ಲಿ 116ನೇ ಠಾಣೆ ಬಾಗಿಲು ತೆರೆಯಿತು. ಹೋರಾಟ ಶುರು ಮಾಡಿದವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ತೀರಿಕೊಂಡಿದ್ದರು.

ನೀರಿನ ಕಥೆಯೂ ಹಾಗೇ. ಆಗ್ನೇಯ ಕ್ವೀನ್ಸ್‌ಗೆ ಹಿಂದೆ ಕುಡಿಯುವ ನೀರು ಬರುತ್ತಿದ್ದದ್ದು ಒಂದು ಖಾಸಗಿ ಕಂಪನಿಯ ಕೊಳವೆ ಬಾವಿಗಳಿಂದ. 1996ರಲ್ಲಿ ನಗರ ಅದನ್ನು ವಹಿಸಿಕೊಂಡು, ದೂರದ ಬೆಟ್ಟದ ಜಲಾಶಯಗಳ ನೀರು ಕೊಟ್ಟು, ಬಾವಿಗಳ ಪಂಪ್ ಒಂದೊಂದಾಗಿ ನಿಲ್ಲಿಸಿತು. ಒಳ್ಳೆ ನೀರು ಬಂತು. ಆದರೆ ದಿನಾ ಮೇಲೆತ್ತುತ್ತಿದ್ದ ಅಂತರ್ಜಲವನ್ನು ಎತ್ತುವವರು ಇಲ್ಲವಾಗಿ ಅದು ಮೇಲಕ್ಕೇರಿ ಬೇಸ್‌ಮೆಂಟ್‌ಗಳಿಗೆ ಬಂತು. ಮಳೆ ಇಲ್ಲದ ದಿನವೂ ನೆಲ ಒದ್ದೆ. ಲಾರೆಲ್ಟನ್ ಕಡೆಯ ಒಂದು ಮನೆಗೆ ಹೋಗಿದ್ದೆ. ಬೇಸ್‌ಮೆಂಟಿನಲ್ಲಿ ಪಂಪು ಹತ್ತು ನಿಮಿಷಕ್ಕೊಮ್ಮೆ ಗುರ್ ಅನ್ನುತ್ತಿತ್ತು. ಮನೆಯೊಡತಿ ಮಾತಿನ ನಡುವೆ ಪ್ರತಿ ಸಲ ನಿಲ್ಲಿಸಿ, ಅದು ಆಫ್ ಆದ ಮೇಲೆ ಮುಂದುವರಿಸುತ್ತಿದ್ದರು. ಅಭ್ಯಾಸ ಆಗಿಹೋಗಿತ್ತು. ಕೊನೆಗೆ ನಗರ ನೂರು ಕೋಟಿ ಡಾಲರ್ ಮೀರಿದ ಚರಂಡಿ ಯೋಜನೆ ಹಾಕಿತು. ಈ ಮನೆಗಳ ಫೋಟೊಗಳು, ದೂರುಗಳು, ಠರಾವುಗಳು ವರ್ಷಗಟ್ಟಲೆ ಫೈಲಿನಲ್ಲಿ ಪೇರಿಸಿಟ್ಟಿದ್ದವು.

ಎಲ್ಲ ಸಲವೂ ಗೆಲ್ಲುವುದಿಲ್ಲ, ಅದನ್ನೂ ಹೇಳಬೇಕು. ನಿಮ್ಮ ಮನೆಯ ಹತ್ತಿರವೇ ಕ್ರೀಡ್‌ಮೋರ್ ಇದೆಯಲ್ಲ, 1912ರಿಂದ ಇರುವ ರಾಜ್ಯ ಸರ್ಕಾರದ ಮಾನಸಿಕ ಆಸ್ಪತ್ರೆ. ಆ ಜಾಗದ ಸುಮಾರು 50 ಎಕರೆಯಲ್ಲಿ ಸುಮಾರು 2,800 ಮನೆ ಕಟ್ಟುವ ಯೋಜನೆಯನ್ನು 2023ರಲ್ಲಿ ರಾಜ್ಯ ಮುಂದಿಟ್ಟಿತು. ಅದೇ ವರ್ಷ ಪಾರ್ಕಿಂಗ್ ಜಾಗದಲ್ಲಿ ಹೊಸ ವಲಸಿಗರಿಗೆ ಟೆಂಟ್‌ಗಳು ಬಂದವು. ಬೀದಿಯಲ್ಲಿ ಪ್ರತಿಭಟನೆ, ಸಭೆಗಳಲ್ಲಿ ಕೂಗಾಟ. ಜಮೀನು ರಾಜ್ಯದ್ದು, ಹಾಗಾಗಿ ನಗರದ 60 ದಿನದ ದಾರಿಯೇ ಅಲ್ಲಿಗೆ ಅನ್ವಯಿಸುವುದಿಲ್ಲ. ಬೋರ್ಡ್ ಮಾತಾಡಬಹುದು, ತಡೆಯಲಾಗದು. ನನ್ನ ಅಭಿಪ್ರಾಯ ಕೇಳಿದರೆ, ಅಷ್ಟು ದೊಡ್ಡ ಸರ್ಕಾರಿ ಜಾಗ ಖಾಲಿ ಬಿದ್ದಿರುವಾಗ ಮನೆಯೇ ಬೇಡ ಅನ್ನುವುದು ನ್ಯಾಯ ಅಲ್ಲ. ಬಸ್ಸು ಎಲ್ಲಿ, ಶಾಲೆ ಎಲ್ಲಿ, ಎಷ್ಟು ಎತ್ತರ ಅಂತ ಕೇಳುವುದು ನ್ಯಾಯ. 2024ರ ಡಿಸೆಂಬರ್‌ನಲ್ಲಿ ಕೌನ್ಸಿಲ್ ಒಪ್ಪಿದ ‘ಸಿಟಿ ಆಫ್ ಯೆಸ್’ ವಸತಿ ನಿಯಮಕ್ಕೂ ಕ್ವೀನ್ಸ್‌ನ ಬಹುಪಾಲು ಬೋರ್ಡ್‌ಗಳು ಬೇಡ ಅಂದಿದ್ದವು. ಆದರೂ ಪಾಸಾಯಿತು. ಒಂದೇ ಮನೆಯ ಸೈಟಿನಲ್ಲಿ ಹಿತ್ತಲಲ್ಲೊಂದು ಚಿಕ್ಕ ಮನೆಗೆ ಅವಕಾಶ ಅಂದಾಗ ಬೇಡ ಅಂದವರಲ್ಲಿ ಎಷ್ಟು ಜನರ ಬೇಸ್‌ಮೆಂಟ್‌ನಲ್ಲಿ ಆಗಲೇ ಬಾಡಿಗೆಯವರಿದ್ದರು ಅಂತ ನಾನು ಕೇಳಹೋಗಲಿಲ್ಲ.

ಇನ್ನು ನಿಮ್ಮ ಪೆಟ್ರೋಲ್ ಬಂಕ್. ಮನೆಗಳ ನಡುವೆ ಅದು ಹೇಗೆ ನಿಂತಿದೆ ಗೊತ್ತಾ? ಬಹುಶಃ 1961ರ ವಲಯ ನಿಯಮಕ್ಕಿಂತ ಮೊದಲಿನದ್ದು. ಅಂಥವಕ್ಕೆ ನಗರದ ಒಂದು ಸಣ್ಣ ಮಂಡಳಿ, ಐದು ಜನ ಕಮಿಷನರ್‌ಗಳ ಬೋರ್ಡ್ ಆಫ್ ಸ್ಟ್ಯಾಂಡರ್ಡ್ಸ್ ಅಂಡ್ ಅಪೀಲ್ಸ್, ಇಷ್ಟು ವರ್ಷ ಅಂತ ಅನುಮತಿ ಕೊಡುತ್ತದೆ. ಅವಧಿ ಮುಗಿದಾಗ ಮತ್ತೆ ಕೇಳಬೇಕು. ಆ ಮಂಡಳಿ ತೀರ್ಮಾನ ಮಾಡುವ ಮೊದಲು ಕಮ್ಯುನಿಟಿ ಬೋರ್ಡ್ ಅಭಿಪ್ರಾಯ. ಬಂಕ್ ಮುಚ್ಚಿಸುತ್ತೇನೆ ಅಂತ ಹೋಗಬೇಡಿ, ಆಗುವುದಿಲ್ಲ. ಷರತ್ತು ಹಾಕಿಸಲು ಹೋಗಿ. ಆ ಮಂಡಳಿಯ ಆದೇಶಗಳಲ್ಲಿ ಇಂಥ ಷರತ್ತುಗಳು ಮಾಮೂಲು: ಲೈಟು ಕೆಳಮುಖವಾಗಿರಬೇಕು, ಮನೆಗಳ ಕಡೆ ಬೇಲಿ ಇರಬೇಕು, ಫುಟ್‌ಪಾತ್ ಮೇಲೆ ಗಾಡಿ ನಿಲ್ಲಿಸಬಾರದು. ಷರತ್ತು ಮುರಿದರೆ ಮುಂದಿನ ಸಲ ಅರ್ಜಿ ಬಂದಾಗ ಅದೇ ಕಾಗದ ಅವರ ಕುತ್ತಿಗೆಗೆ ಬರುತ್ತದೆ.

ಇಂಥದ್ದೇ ಒಂದು ವಿಚಾರಣೆ ನನಗೆ ನೆನಪಿದೆ. ಊರು ಬೇಡ. ವಕೀಲರು ಬಣ್ಣದ ಡ್ರಾಯಿಂಗ್ ಅಂಟಿಸಿದ ದಪ್ಪ ಹಲಗೆ ತಂದು ಈಸೆಲ್ ಮೇಲಿಟ್ಟರು. ಅದರಲ್ಲಿ ಮರಗಳೂ ಇದ್ದವು. ಮೂರು ಜನ ಅಕ್ಕಪಕ್ಕದವರು ಎದ್ದು ಸಿಟ್ಟಿನಲ್ಲಿ ಮಾತಾಡಿದರು. ಸಮಿತಿಯವರು ತಲೆಯಾಡಿಸಿದರು, ಏನೂ ಬರೆದುಕೊಳ್ಳಲಿಲ್ಲ. ಆಮೇಲೆ ಒಬ್ಬ ವಯಸ್ಸಾದ ಹೆಂಗಸು ಎದ್ದು ಬ್ಯಾಗಿನಿಂದ ಒಂದು ಕ್ಯಾಲೆಂಡರ್ ತೆಗೆದರು, ಬ್ಯಾಂಕಿನವರು ಬಿಟ್ಟಿ ಕೊಡುವಂಥದ್ದು. ಎಂಟು ವಾರ, ಫುಟ್‌ಪಾತ್ ಮೇಲೆ ಟೋ ಗಾಡಿ ನಿಂತ ರಾತ್ರಿಗಳಿಗೆ ಕೆಂಪು ಸುತ್ತು, ಪಕ್ಕದಲ್ಲಿ ಗಂಟೆ. ‘ಒಟ್ಟು ಎಷ್ಟು ರಾತ್ರಿ?’ ಅಂತ ಅಧ್ಯಕ್ಷರು ಕೇಳಿದರು. ಅವರು ಎಣಿಸಿ ಹೇಳಿದರು. ಆಗ ಕಾರ್ಯದರ್ಶಿಯ ಲ್ಯಾಪ್‌ಟಾಪ್ ಕೀಗಳ ಸದ್ದು ಶುರುವಾಯಿತು. ಎರಡು ಷರತ್ತು ಅಲ್ಲೇ ಟೈಪ್ ಆದವು, ವಕೀಲರು ಫೋನ್ ಹಿಡಿದು ಹೊರಗೆ ಹೋಗಿ ಬಂದು ಒಪ್ಪಿಕೊಂಡರು.

ಹಾಗಾಗಿ ಇವತ್ತೇ ಕ್ಯಾಲೆಂಡರ್ ಶುರು ಮಾಡಿ. ಕಂಪ್ರೆಸರ್ ಸದ್ದಿಗೆ 311ಕ್ಕೆ ಫೋನ್ ಮಾಡಿ ದೂರು ಕೊಡಿ, ಅವರು ಕೊಡುವ ನಂಬರ್ ಬರೆದಿಟ್ಟುಕೊಳ್ಳಿ. ಬೋರ್ಡ್ ಆಫೀಸಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳುವುದು ಆ ನಂಬರೇ. ಅರ್ಜಿ ಯಾವ ಸಮಿತಿಯ ಮುಂದೆ, ಯಾವ ದಿನ ಅಂತಲೂ ಆಗಲೇ ಕೇಳಿ. ಪೂರ್ಣ ಸಭೆಯಲ್ಲಿ ವೋಟು ಬೀಳುತ್ತದೆ, ಆದರೆ ಷರತ್ತು ಹುಟ್ಟುವುದು ಸಮಿತಿಯಲ್ಲಿ. ಮಾತಾಡಲು ಸಾಮಾನ್ಯವಾಗಿ ಎರಡೋ ಮೂರೋ ನಿಮಿಷ. ‘ನಾವು ಇಂಡಿಯಾದಿಂದ ಬಂದು’ ಅಂತ ಪೀಠಿಕೆ ಹಾಕಿದರೆ ಅಷ್ಟರಲ್ಲೇ ಗಂಟೆ ಹೊಡೆದುಬಿಡುತ್ತಾರೆ. ಮನೆ ನಂಬರ್, ಬಂಕಿನಿಂದ ಎಷ್ಟು ಅಡಿ, ಎಷ್ಟು ರಾತ್ರಿ, ಏನು ಷರತ್ತು ಬೇಕು. ಮುಗೀತು.

ಸದಸ್ಯತ್ವದ ಅರ್ಜಿ ಚಳಿಗಾಲದಲ್ಲಿ ಬರೋ ಅಧ್ಯಕ್ಷರ ವೆಬ್‌ಸೈಟಿನಲ್ಲಿ ಬರುತ್ತದೆ. ಮೊದಲ ಸಲವೇ ಸಿಗದಿದ್ದರೆ ಬೇಸರ ಬೇಡ. ಇನ್ನೊಂದು ಬಾಗಿಲಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಬೋರ್ಡ್ ಸದಸ್ಯರಲ್ಲದವರನ್ನೂ ಸಮಿತಿಗಳಿಗೆ ‘ಸಾರ್ವಜನಿಕ ಸದಸ್ಯ’ ಅಂತ ತೆಗೆದುಕೊಳ್ಳಬಹುದು. ಭೂಬಳಕೆ ಸಮಿತಿಗೆ ಕೇಳಿ. ಒಂದು ಎಚ್ಚರ: ಸದಸ್ಯರಾದ ಮೇಲೆ ನಿಮಗೆ ನೇರ ಲಾಭ ಆಗುವ ವಿಷಯಕ್ಕೆ ವೋಟು ಹಾಕುವಂತಿಲ್ಲ. ಆರು ತಿಂಗಳು ಸಭೆಗಳಿಗೆ ಸರಿಯಾಗಿ ಬರದಿದ್ದರೆ ತೆಗೆದುಹಾಕಲೂಬಹುದು. ಸಭೆ ಸಂಜೆ ಶುರುವಾಗಿ ಕೆಲವೊಮ್ಮೆ ಹತ್ತು ಗಂಟೆ ದಾಟುತ್ತದೆ, ಊಟ ಮಾಡಿಕೊಂಡೇ ಹೋಗಿ. ಅಲ್ಲಿ ಸಿಗುವುದು ಪ್ಲಾಸ್ಟಿಕ್ ಡಬ್ಬಿಯ ಕುಕೀಸ್ ಮಾತ್ರ.